ಮಧ್ಯಯುಗದ ಭೂಪಟ ನೋಡಲು ಯಾವ ಜಾಲತಾಣ ಒಳ್ಳೆಯದು? ಮೊದಲು ತಿರುಗಿಸುವ ಗುಂಡಿ ಹುಡುಕಿ

ಮಧ್ಯಯುಗದ ಭೂಪಟ ತೋರಿಸುವ ಯಾವ ಜಾಲತಾಣ ತೆರೆದರೂ ಎಲ್ಲರ ಕೈ ಮೊದಲು ಹೋಗುವುದು ದೊಡ್ಡದು ಮಾಡುವ ಗುಂಡಿಗೆ. ಹುಡುಕಬೇಕಾದ್ದು ತಿರುಗಿಸುವ ಗುಂಡಿ. ಉತ್ತರ ಮೇಲಿರಬೇಕು ಅನ್ನುವುದು ಶಾಲೆಯ ಗೋಡೆಗೆ ತೂಗುಹಾಕಿದ ನಕಾಶೆ ನಮಗೆ ಅಂಟಿಸಿದ ರೂಢಿ. ಆ ಕಾಲದವರಿಗೆ ಅಂಥ ಕಟ್ಟುಪಾಡೇನೂ ಇರಲಿಲ್ಲ. 1300ರ ಸುಮಾರಿನ ಹೆರೆಫರ್ಡ್ ಭೂಪಟದಲ್ಲಿ ಪೂರ್ವ ಮೇಲಿದೆ. 1070ರ ದಶಕದಲ್ಲಿ ಮಹಮೂದ್ ಅಲ್ ಕಾಶ್ಗರಿ ತನ್ನ ತುರ್ಕಿ ನಿಘಂಟಿಗೆ ಬರೆದ ದುಂಡನೆಯ ಭೂಪಟದಲ್ಲೂ ಪೂರ್ವವೇ ಮೇಲೆ. 1154ರಲ್ಲಿ ಸಿಸಿಲಿಯ ದೊರೆ ಎರಡನೆಯ ರೋಜರ್‌ಗಾಗಿ ಅಲ್ ಇದ್ರೀಸಿ ಸಿದ್ಧಪಡಿಸಿದ ಭೂಪಟಗಳಲ್ಲಿ ದಕ್ಷಿಣ ಮೇಲೆ. ವೆನಿಸ್‌ನ ಸಂನ್ಯಾಸಿ ಫ್ರಾ ಮೌರೊ 1450ರ ಆಸುಪಾಸಿನಲ್ಲಿ ಬರೆದದ್ದರಲ್ಲೂ ಅಷ್ಟೆ. 1375ರ ಕಟಲನ್ ಅಟ್ಲಾಸ್‌ಗಂತೂ ಮೇಲು ಕೆಳಗು ಅನ್ನುವುದೇ ಇಲ್ಲ. ತಿರುಗಿಸಲು ಬಾರದ ತಾಣದಲ್ಲಿ ಇವನ್ನು ನೋಡಹೊರಟರೆ ಕತ್ತು ಓರೆ ಮಾಡಿ ಕೂರಬೇಕು, ಇಲ್ಲವೇ ಲ್ಯಾಪ್‌ಟಾಪನ್ನೇ ಮಗುಚಬೇಕು.

ಎರಡನೆಯದಾಗಿ, ಭೂಪಟದ ಮೇಲಿನ ಬರಹವನ್ನು ತಾಣ ಓದಿಸಿಕೊಡುತ್ತದೆಯೇ ಎಂದು ನೋಡಬೇಕು. ಲ್ಯಾಟಿನ್, ಕಟಲನ್, ಅರಬ್ಬಿ, ವೆನಿಸ್ ಸೀಮೆಯ ಇಟಾಲಿಯನ್, ಇವೆಲ್ಲ ಎಷ್ಟು ಹಿಗ್ಗಿಸಿದರೂ ತಾವಾಗಿ ಅರ್ಥ ಬಿಟ್ಟುಕೊಡುವುದಿಲ್ಲ. ಮೂರನೆಯದು, ಚಿತ್ರವನ್ನು ಮನೆಗೆ ಒಯ್ಯಲು ಬಿಡುತ್ತದೆಯೇ, ಬಿಟ್ಟರೆ ಎಷ್ಟು ದೊಡ್ಡ ಕಡತ ಕೊಡುತ್ತದೆ. ಈ ಮೂರು ಅಳತೆಗೋಲು ಹಿಡಿದು, ನೋಡಲು ಕಾಸು ಕೊಡಬೇಕಿಲ್ಲದ ಕೆಲವು ತಾಣಗಳನ್ನು ಇಲ್ಲಿ ತೂಗಿದೆ. ಇವುಗಳಲ್ಲಿ ಯಾವುದೂ ಕನ್ನಡದಲ್ಲಿಲ್ಲ. ಬ್ರೌಸರಿನ ಅನುವಾದ ಗುಂಡಿ ಪುಟದ ಅಕ್ಷರಗಳನ್ನು ಕನ್ನಡಕ್ಕೆ ತಂದೀತು, ಚಿತ್ರದೊಳಗಿನ ಅಕ್ಷರಗಳನ್ನಲ್ಲ. ಫೋನಿನ ಕ್ಯಾಮೆರಾ ಅನುವಾದಕ್ಕೆ ಗಾಥಿಕ್ ಕೈಬರಹ ಕೊಟ್ಟರೆ ಅದು ಬಾಯಿಗೆ ಬಂದದ್ದು ಹೇಳುತ್ತದೆ, ನಂಬಬೇಡಿ.

ಹೆರೆಫರ್ಡ್: ಹೊಸಬರಿಗೆ ಇದೇ ಬಾಗಿಲು

ಇಂಗ್ಲೆಂಡಿನ ಹೆರೆಫರ್ಡ್ ಕೆಥೆಡ್ರಲ್ ತನ್ನ ಮಪ್ಪಾ ಮುಂಡಿ ಎಂಬ ಲೋಕದ ಭೂಪಟಕ್ಕಾಗಿಯೇ ಒಂದು ತಾಣ ನಡೆಸುತ್ತದೆ. ಭೂಪಟ ಒಂದೇ ಕರುವಿನ ಚರ್ಮದ ಮೇಲಿದೆ, 1.58 ಮೀಟರ್ ಎತ್ತರ, 1.33 ಮೀಟರ್ ಅಗಲ. ನಮ್ಮ ಒಂಟಿ ಮಂಚದ ಬೆಡ್‌ಶೀಟಿಗಿಂತ ಸ್ವಲ್ಪ ಚಿಕ್ಕದು ಅಂದುಕೊಳ್ಳಿ. ಅದರೊಳಗೆ ಸುಮಾರು 500 ಚಿತ್ರಗಳು: 420 ಊರುಗಳು, ಬೈಬಲ್ಲಿನ 15 ಘಟನೆಗಳು, ಗಿಡ ಪ್ರಾಣಿ ಪಕ್ಷಿ ವಿಚಿತ್ರ ಜೀವಿಗಳು ಸೇರಿ 33, ಬೇರೆಬೇರೆ ಜನರ 32 ಚಿತ್ರಗಳು, ಗ್ರೀಕ್ ರೋಮನ್ ಪುರಾಣದ್ದು 8.

ಈ ತಾಣದ ಹೆಚ್ಚುಗಾರಿಕೆ ಒಂದೇ ಭೂಪಟವನ್ನು ಮೂರು ಬಗೆಯಲ್ಲಿ ತೋರಿಸುವುದು. ಮೊದಲನೆಯದು ಈಗಿರುವ ಸ್ಥಿತಿ, ಅಂದರೆ ಹೊಗೆಬಣ್ಣದ ಕಂದು. ಎರಡನೆಯದು ಬಣ್ಣ ತಿದ್ದಿದ್ದು: ಸಮುದ್ರ ಹಸಿರು, ನದಿ ನೀಲಿ, ಕೆಂಪು ಸಮುದ್ರ ಹೆಸರಿಗೆ ತಕ್ಕಂತೆ ಕೆಂಪು. ಮೂರನೆಯದು ಮೂರು ಆಯಾಮದ ಸ್ಕ್ಯಾನ್, ಇದರಲ್ಲಿ ಬಣ್ಣವೇ ಇಲ್ಲ. ಚರ್ಮದ ಉಬ್ಬುತಗ್ಗು ಮಾತ್ರ. ಬಹಳ ಜನ ಬಣ್ಣದ್ದನ್ನು ನೋಡಿ ಹೊರಟುಬಿಡುತ್ತಾರೆ. ಸ್ಕ್ಯಾನಿಗೆ ಹೋಗಿ ನಟ್ಟನಡುವಿನ ಜೆರುಸಲೇಮನ್ನು ಹಿಗ್ಗಿಸಿ: ವೃತ್ತ ಎಳೆಯಲು ಕೈವಾರದ ಮುಳ್ಳು ಊರಿದ ತೂತು ಕಾಣುತ್ತದೆ. ಜೆರುಸಲೇಂ ಲೋಕದ ನಡುವೆ ಇದೆ ಅನ್ನುವ ನಂಬಿಕೆ ಇಲ್ಲಿ ಅಕ್ಷರಶಃ ಒಂದು ತೂತು. ಹೆರೆಫರ್ಡ್ ಊರಿನ ಹೆಸರು ಎಡಗಡೆ ಕೆಳಗಿನ ಅಂಚಿನಲ್ಲಿ, ಬ್ರಿಟನ್ ಮುದುಡಿ ಕೂತ ಜಾಗದಲ್ಲಿದೆ. ಶತಮಾನಗಟ್ಟಲೆ ಜನ ಬೆರಳಿಟ್ಟು "ನಾವು ಇಲ್ಲಿ" ಎಂದು ತೋರಿಸಿ ತೋರಿಸಿ ಅದು ಸವೆದೇ ಹೋಗಿದೆ.

ಭಾರತ ಬೇಕಿದ್ದವರು ಮೇಲಕ್ಕೆ, ಸ್ವರ್ಗೋದ್ಯಾನದ ದುಂಡು ದ್ವೀಪದ ಕೆಳಗಿನ ಪ್ರದೇಶಕ್ಕೆ ಹೋಗಬೇಕು. ಬೆನ್ನ ಮೇಲೆ ಕೋಟೆ ಹೊತ್ತ ಆನೆ, ಗಿಳಿ, ಒಂದೇ ಕಾಲಿದ್ದು ಆ ಪಾದವನ್ನೇ ಕೊಡೆ ಮಾಡಿಕೊಂಡು ಮಲಗಿದ ಮನುಷ್ಯ, ಎಲ್ಲರೂ ಅಲ್ಲಿದ್ದಾರೆ. ಬರೆದವರು ನಮ್ಮ ಕಡೆ ಬಂದವರಲ್ಲ, ರೋಮನ್ ಕಾಲದ ಗ್ರಂಥಗಳನ್ನು ಓದಿದವರು. ಆನೆ ಗಿಳಿಗಳ ಪಕ್ಕದಲ್ಲೇ ಒಂಟಿ ಕಾಲಿನವನೂ ಸಲೀಸಾಗಿ ಕೂತಿರುವುದು ಅದಕ್ಕೇ.

ಕೊರತೆ ಎರಡು. ವಿವರಣೆ ಇರುವುದು ಆಯ್ದ ಚಿತ್ರಗಳಿಗೆ ಮಾತ್ರ. ಭೂಪಟದ ಮೇಲೆ ಸಾವಿರಕ್ಕೂ ಹೆಚ್ಚು ಬರಹಗಳಿವೆ, ಅವುಗಳಲ್ಲಿ ಹೆಚ್ಚಿನವು ತಾಣದಲ್ಲಿ ಮೂಕ. ಇನ್ನೊಂದು, ಇದು ಅಧ್ಯಯನಕ್ಕಿಂತ ಪ್ರವಾಸಕ್ಕೆ ಮಾಡಿದ ತಾಣ. ಕಡತ ಇಳಿಸಿಕೊಂಡು ಮುದ್ರಿಸಬೇಕೆಂಬ ಆಸೆ ಇಟ್ಟುಕೊಂಡು ಹೋಗಬೇಡಿ. ಹಾಗೆಯೇ ಒಂದು ಎಚ್ಚರಿಕೆ: ದೊಡ್ಡ ಬಂಗಾರದ ಅಕ್ಷರಗಳಲ್ಲಿ ಯುರೋಪಿನ ಮೇಲೆ "ಆಫ್ರಿಕಾ", ಆಫ್ರಿಕಾದ ಮೇಲೆ "ಯುರೋಪ" ಎಂದಿದೆ. ತಾಣದ ತಪ್ಪಲ್ಲ, 700 ವರ್ಷದ ಹಿಂದಿನ ತಪ್ಪು. ಮಕ್ಕಳಿಗೆ ತೋರಿಸುವವರು ಮೊದಲೇ ಹೇಳಿಬಿಡುವುದು ಲೇಸು.

ಗ್ಯಾಲಿಕಾ ಮತ್ತು ಕಟಲನ್ ಅಟ್ಲಾಸ್

ಒಂದೇ ಒಂದು ಭೂಪಟ ನೋಡಲು ಸಮಯವಿದೆ ಅನ್ನುವವರಿಗೆ ಇದನ್ನೇ ಹೇಳಬೇಕು. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ಭಂಡಾರದ ಹೆಸರು ಗ್ಯಾಲಿಕಾ. ಅದರಲ್ಲಿ "ಎಸ್ಪಾನ್ಯೋಲ್ 30" ಎಂಬ ಹಸ್ತಪ್ರತಿ ಸಂಖ್ಯೆ ಕೊಟ್ಟು ಹುಡುಕಿದರೆ ಅಟ್ಲಾಸ್ ಸಿಗುತ್ತದೆ. ಬರೀ ಕಟಲನ್ ಅಟ್ಲಾಸ್ ಎಂದು ಹುಡುಕಿದರೆ ಅದರ ಕುರಿತ ಪುಸ್ತಕಗಳು, ಹತ್ತೊಂಬತ್ತನೇ ಶತಮಾನದ ನಕಲುಗಳು ರಾಶಿ ಬೀಳುತ್ತವೆ. ಹಸ್ತಪ್ರತಿಗಳ ವಿಷಯದಲ್ಲಿ ಇದೊಂದು ಸಾಮಾನ್ಯ ಸೂತ್ರ: ಹೆಸರಿನಿಂದ ಹುಡುಕಬೇಡಿ, ಕಪಾಟಿನ ಸಂಖ್ಯೆಯಿಂದ ಹುಡುಕಿ.

ಮಯೋರ್ಕಾ ದ್ವೀಪದ ಯಹೂದಿ ನಕಾಶೆಗಾರ ಕ್ರೆಸ್ಕೆಸ್ ಅಬ್ರಹಾಂ ಬರೆದದ್ದು ಎನ್ನಲಾಗುವ ಈ ಅಟ್ಲಾಸ್ 1380ರ ಹೊತ್ತಿಗೆ ಫ್ರಾನ್ಸಿನ ದೊರೆ ಐದನೆಯ ಚಾರ್ಲ್ಸ್‌ನ ಗ್ರಂಥಾಲಯದ ಪಟ್ಟಿಯಲ್ಲಿತ್ತು. ಮರದ ಹಲಗೆಗಳಿಗೆ ಅಂಟಿಸಿದ ಆರು ಚರ್ಮದ ಹಾಳೆ. ಒಂದೊಂದೂ ಸುಮಾರು 65 ಸೆಂಟಿಮೀಟರ್ ಎತ್ತರ, 50 ಅಗಲ. ಆರನ್ನೂ ಸಾಲಾಗಿಟ್ಟರೆ ಮೂರು ಮೀಟರ್. ಮೊದಲೆರಡು ಹಾಳೆಗಳಲ್ಲಿ ಭೂಪಟವಿಲ್ಲ. ಪಂಚಾಂಗ, ಉಬ್ಬರವಿಳಿತದ ಕೋಷ್ಟಕ, ಗ್ರಹಚಕ್ರ ಇವೆ. "ತಪ್ಪು ಪುಸ್ತಕ ತೆರೆದೆ" ಎಂದು ವಾಪಸು ಹೋಗುವವರು ಹೋಗುವುದು ಇಲ್ಲಿಂದಲೇ. ಮೂರನೆಯ ಹಾಳೆಗೆ ಬನ್ನಿ.

ಅಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಬಂಗಾರದ ಗುಂಡು ಹಿಡಿದು ಕೂತವನು ಮಾಲಿಯ ದೊರೆ ಮಾನ್ಸಾ ಮೂಸಾ. 1324ರಲ್ಲಿ ಅವನು ಮೆಕ್ಕಾ ಯಾತ್ರೆಗೆ ಹೋದಾಗ ದಾರಿಯುದ್ದಕ್ಕೂ ಹಂಚಿದ ಚಿನ್ನದ ಸುದ್ದಿ, ಅವನು ಸತ್ತು ನಾಲ್ಕು ದಶಕವಾದರೂ ಮಯೋರ್ಕಾದಲ್ಲಿ ಆರಿರಲಿಲ್ಲ ಎಂದಾಯಿತು. ಇಲ್ಲಿ ಬೆಳಕಿನ ವಿಚಾರ ಒಂದಿದೆ. ತೆರೆಯ ಮೇಲೆ ಆ ಗುಂಡು ಮಂಕು ಹಳದಿಯಾಗಿ ಕಾಣುತ್ತದೆ. ಹಸ್ತಪ್ರತಿಗೆ ಎರಡೂ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ಫೋಟೊ ತೆಗೆಯುತ್ತಾರೆ. ಚಿನ್ನದ ತಗಡು ಆ ಬೆಳಕನ್ನು ಕ್ಯಾಮೆರಾಕ್ಕೆ ಕೊಡದೆ ಬೇರೆ ಕಡೆ ಹೊಳೆಸಿಬಿಡುತ್ತದೆ. ಯಾವ ತಾಣದಲ್ಲೂ ಇದಕ್ಕೆ ಮದ್ದಿಲ್ಲ. ಮುದ್ರಿಸುವಾಗ ಹಳದಿ ಹೆಚ್ಚಿಸಿ ಸರಿಮಾಡಲು ಹೋದರೆ ಚರ್ಮಕ್ಕೆ ಕಾಮಾಲೆ ಬಂದಂತಾಗುತ್ತದೆ, ಅಷ್ಟೆ.

ಪೂರ್ವದ ಹಾಳೆಗಳಿಗೆ ಹೋದಂತೆ ತಿರುಗಿಸುವ ಗುಂಡಿಯ ಬೆಲೆ ಗೊತ್ತಾಗುತ್ತದೆ. ಒಂಟೆ ಕುದುರೆಗಳ ವರ್ತಕರ ಗುಂಪು ತಲೆಕೆಳಗಾಗಿ ನಡೆಯುತ್ತಿದೆ. ಮೇಲಿನ ಅರ್ಧದ ಚಿತ್ರ, ಬರಹ ಎಲ್ಲ ಮಗುಚಿಕೊಂಡಿವೆ. ಯಾಕೆಂದರೆ ಇದು ಗೋಡೆಯ ನಕಾಶೆಯಲ್ಲ. ಮೇಜಿನ ಮೇಲೆ ಹರಡಿ ಸುತ್ತ ತಿರುಗಿ ನೋಡುವಂಥದ್ದು. ಗ್ಯಾಲಿಕಾದ ಜೂಮ್ ಕಿಟಕಿಯಲ್ಲಿ ತಿರುಗಿಸುವ ಬಾಣ ಇದೆ. 180 ಡಿಗ್ರಿ ತಿರುಗಿಸಿ, ಒಂಟೆಗಳು ಕಾಲೂರುತ್ತವೆ.

ಭಾರತದ ಭಾಗದಲ್ಲಿ ಮೊದಲು ಗಮನಿಸಬೇಕಾದ್ದು ಆಕಾರ. ಆ ಹೊತ್ತಿನ ಭೂಪಟಗಳಲ್ಲಿ ನಮ್ಮ ನೆಲ ಸಮುದ್ರಕ್ಕೆ ಚಾಚಿಕೊಂಡೇ ಇರುವುದಿಲ್ಲ. ಇಲ್ಲಿ ಪರ್ಯಾಯ ದ್ವೀಪ ಪರ್ಯಾಯ ದ್ವೀಪದಂತೆಯೇ ಇಳಿದಿದೆ. ಉತ್ತರಕ್ಕೆ ದಿಲ್ಲಿಯ ಸುಲ್ತಾನ; ಪಕ್ಕದ ಬರಹ ಅವನ ಬಳಿ 700 ಆನೆ, ಒಂದು ಲಕ್ಷ ಕುದುರೆ ಸವಾರರು ಇದ್ದಾರೆನ್ನುತ್ತದೆ. ದಖ್ಖನ್ನಿನಲ್ಲಿ "ದಿಯೊಜಿಲ್" ಎಂಬ ಊರು, ಅಂದರೆ ದೇವಗಿರಿ. 1327ರಲ್ಲೇ ಅದು ದೌಲತಾಬಾದ್ ಆಗಿ, 1347ರಿಂದ ಬಹಮನಿಗಳ ಕೈಯಲ್ಲಿದ್ದರೂ ಮಯೋರ್ಕಾಕ್ಕೆ ತಲುಪಿದ್ದು ಹಳೆಯ ಹೆಸರೇ. ವಿಜಯನಗರ ಹುಟ್ಟಿ ನಲವತ್ತು ವರ್ಷವಾಗಿತ್ತು, ಅದರ ಸುಳಿವು ಹುಡುಕಿ ಸಮಯ ಕಳೆಯಬೇಡಿ. ಕರಾವಳಿಯಲ್ಲಿ "ಕೊಲೊಂಬೊ" ಎಂದಿರುವುದು ಕೇರಳದ ಕೊಲ್ಲಂ. ಶ್ರೀಲಂಕಾದ ಕೊಲಂಬೊ ಎಂದುಕೊಂಡು ಪಾಠ ಮಾಡಿದವರು ಬೇಕಾದಷ್ಟು ಇದ್ದಾರೆ.

ಗ್ಯಾಲಿಕಾದ ದೊಡ್ಡ ಕೊರತೆ ಬರಹ ಓದಿಸದಿರುವುದು. ಚಿತ್ರ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಅದಕ್ಕೆ ಉಪಾಯ: ಇನ್ನೊಂದು ಕಿಟಕಿಯಲ್ಲಿ ಕ್ರೆಸ್ಕೆಸ್ ಪ್ರಾಜೆಕ್ಟ್ ಎಂಬ ತಾಣ ತೆರೆದುಕೊಳ್ಳಿ. ಅಟ್ಲಾಸಿನ ಬರಹಗಳನ್ನು ಅಲ್ಲಿ ಹಾಳೆವಾರು ಇಂಗ್ಲಿಷಿಗೆ ತಂದಿದ್ದಾರೆ. ಎಡಗಡೆ ಚಿತ್ರ, ಬಲಗಡೆ ಅನುವಾದ. ಗ್ಯಾಲಿಕಾ ಪುಟದ ಭಾಷೆ ಫ್ರೆಂಚ್ ಆಗಿ ತೆರೆದುಕೊಂಡರೆ ಮೇಲ್ಗಡೆ ಇಂಗ್ಲಿಷಿಗೆ ಬದಲಿಸಬಹುದು. ಇಳಿಸಿಕೊಂಡ ಚಿತ್ರವನ್ನು ವ್ಯಾಪಾರಕ್ಕಲ್ಲದ ಕೆಲಸಕ್ಕೆ ಗ್ರಂಥಾಲಯದ ಹೆಸರು ಹಾಕಿ ಬಳಸಬಹುದು. ಪುಸ್ತಕ ಮಾರಾಟಕ್ಕಾದರೆ ಶುಲ್ಕದ ಮಾತು ಬರುತ್ತದೆ, ಮೊದಲೇ ಕೇಳಿಕೊಳ್ಳಿ.

ಫ್ರಾ ಮೌರೊ: ಓದುವ ಭೂಪಟ

ಬರಹದ ಮಟ್ಟಿಗೆ ಫ್ಲಾರೆನ್ಸಿನ ಮ್ಯೂಸಿಯೊ ಗೆಲಿಲಿಯೊ ಸಿದ್ಧಪಡಿಸಿದ ಫ್ರಾ ಮೌರೊ ಡಿಜಿಟಲ್ ಆವೃತ್ತಿಯನ್ನು ಮೀರಿಸುವಂಥದ್ದಿಲ್ಲ. ಮೂಲ ಭೂಪಟ ವೆನಿಸ್‌ನ ಮಾರ್ಚಿಯಾನಾ ಗ್ರಂಥಾಲಯದಲ್ಲಿದೆ, ವ್ಯಾಸ ಎರಡು ಮೀಟರಿಗೆ ಸ್ವಲ್ಪ ಕಡಿಮೆ. ಅದರ ಮೇಲೆ ಸುಮಾರು 3,000 ಬರಹಗಳು. ಇದನ್ನು ನೋಡುವುದು ಅನ್ನುವುದಕ್ಕಿಂತ ಓದುವುದು ಅನ್ನಬೇಕು. ಜೆರುಸಲೇಂ ನಡುವಿನಲ್ಲಿಲ್ಲ ಯಾಕೆ ಎಂದು ಫ್ರಾ ಮೌರೊ ಭೂಪಟದ ಮೇಲೇ ಸಮಜಾಯಿಷಿ ಬರೆದಿದ್ದಾನೆ: ನೆಲದ ಅಳತೆಯಲ್ಲಿ ನೋಡಿದರೆ ಅದು ಪಶ್ಚಿಮಕ್ಕೆ ಸರಿದಿದೆ, ಜನಸಂಖ್ಯೆಯ ಲೆಕ್ಕದಲ್ಲಿ ನಡುವೆಯೇ ಬರುತ್ತದೆ ಎಂದು. ಸ್ವರ್ಗೋದ್ಯಾನವನ್ನು ಭೂಪಟದಿಂದ ಹೊರಗೆ, ಕೆಳಗಿನ ಎಡ ಮೂಲೆಗೆ ಸಾಗಿಸಿದ್ದಾನೆ. ಹೆರೆಫರ್ಡ್‌ನಲ್ಲಿ ಅದು ಇದ್ದ ಜಾಗ ನೆನಪಿದ್ದರೆ ಈ ಸಾಗಾಟ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಎರಡು ತಾಣಗಳನ್ನು ಅಕ್ಕಪಕ್ಕ ತೆರೆದು ನೋಡಬೇಕೆನ್ನುವುದು ಇದಕ್ಕೇ.

1420ರ ಸುಮಾರಿಗೆ ಭಾರತದ ಒಂದು ಹಡಗು ಆಫ್ರಿಕಾದ ತುದಿಯನ್ನು ದಾಟಿ 40 ದಿನ, 2,000 ಮೈಲಿ ಪಶ್ಚಿಮಕ್ಕೆ ಸಾಗಿತು, ನೆಲ ಕಾಣದೆ ಹಿಂತಿರುಗಿತು ಎನ್ನುವ ಬರಹವೂ ಇದರಲ್ಲಿದೆ. ವಾಸ್ಕೊ ಡ ಗಾಮಾನಿಗಿಂತ ನಾಲ್ಕು ದಶಕ ಮೊದಲೇ ಹಿಂದೂ ಮಹಾಸಾಗರ ಮುಚ್ಚಿದ ಕೊಳವಲ್ಲ ಎಂದು ಬರೆದಿಟ್ಟವನು ಇವನು. ಆ ಹಡಗಿನ ಕತೆಯನ್ನು ಎಷ್ಟು ನಂಬಬೇಕು ಎನ್ನುವುದು ಬೇರೆ ಚರ್ಚೆ.

ಹುಡುಕುವಾಗ ಒಂದು ಜಾಣತನ ಬೇಕು. ತಾಣದ ಹುಡುಕಾಟ ನಡೆಯುವುದು ಆ ಕಾಲದ ಕಾಗುಣಿತದಲ್ಲಿ. ವಿಜಯನಗರ ಎಂದು ಇಂಗ್ಲಿಷಿನಲ್ಲಿ ಹೊಡೆದರೆ ಏನೂ ಸಿಗದೆ ಹೋಗಬಹುದು. 1420ರ ಸುಮಾರಿಗೆ ಹಂಪೆಗೆ ಬಂದುಹೋದ ವೆನಿಸ್ ವರ್ತಕ ನಿಕೊಲೊ ಕೊಂಟಿಯ ವೃತ್ತಾಂತದಲ್ಲಿ ನಮ್ಮ ರಾಜಧಾನಿ "ಬಿಜೆನೆಗಲಿಯ". ಪೂರ್ವ ದೇಶಗಳ ಬಗ್ಗೆ ಫ್ರಾ ಮೌರೊನಿಗೆ ಸಿಕ್ಕ ಹೊಸ ಸುದ್ದಿಯಲ್ಲಿ ಕೊಂಟಿಯದ್ದೇ ದೊಡ್ಡ ಪಾಲು. ಹಾಗಾಗಿ ಹೆಸರಿನ ಮೊದಲ ಮೂರ್ನಾಲ್ಕು ಅಕ್ಷರ ಮಾತ್ರ ಕೊಡಿ. ಜ ಇರುವಲ್ಲಿ ಸ, ವ ಇರುವಲ್ಲಿ ಬ ಹಾಕಿ ನೋಡಿ. ಸಿಂಗಪುರದ ನಾನ್ಯಾಂಗ್ ತಾಂತ್ರಿಕ ವಿಶ್ವವಿದ್ಯಾಲಯದ "ಎಂಜಿನಿಯರಿಂಗ್ ಹಿಸ್ಟಾರಿಕಲ್ ಮೆಮೊರಿ" ತಾಣದಲ್ಲೂ ಇದೇ ಭೂಪಟ ಇದೆ. ಬರಹಗಳ ಜೊತೆ ಸಂಶೋಧನಾ ಲೇಖನಗಳ ದಾರಿ ಬೇಕೆನ್ನುವವರಿಗೆ ಅದು. ಸುಮ್ಮನೆ ಓದುವವರಿಗೆ ಫ್ಲಾರೆನ್ಸಿನದೇ ಸಾಕು.

ಇದ್ರೀಸಿ ವಿಷಯದಲ್ಲಿ ಮೋಸ ಹೋಗಬೇಡಿ

ಇದ್ರೀಸಿಯ ಭೂಪಟ ಎಂದು ಹುಡುಕಿದಾಗ ಮೊದಲು ಬರುವ, ಉದ್ದಕ್ಕೆ ಹರಡಿದ ಚೆಂದದ ಚಿತ್ರ 1154ರದಲ್ಲ. ಜರ್ಮನಿಯ ಕೊನ್ರಾಡ್ ಮಿಲ್ಲರ್ 1928ರಲ್ಲಿ ಬಿಡಿ ಭೂಪಟಗಳನ್ನು ಜೋಡಿಸಿ, ಹೆಸರುಗಳನ್ನು ಲ್ಯಾಟಿನ್ ಲಿಪಿಗೆ ತಂದು ಮಾಡಿದ್ದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಅದು ಮಿಲ್ಲರ್‌ನ ಹೆಸರಿನಲ್ಲೇ ಪ್ರಾಮಾಣಿಕವಾಗಿ ಇದೆ, ದೊಡ್ಡ ಕಡತವನ್ನೂ ಕೊಡುತ್ತಾರೆ. ತೊಂದರೆ ಶುರುವಾಗುವುದು ಮೂರನೆಯವರು ಅದನ್ನು ಎತ್ತಿಕೊಂಡು, ಉತ್ತರ ಮೇಲೆ ಬರುವಂತೆ ಮಗುಚಿ, "12ನೇ ಶತಮಾನದ ಅರಬ್ ಭೂಪಟ" ಎಂದು ಹಂಚಿದಾಗ. ಅಕ್ಷರ ಅರಬ್ಬಿಯಲ್ಲಿ ಇಲ್ಲದಿದ್ದರೆ ಅದು ಮಿಲ್ಲರ್‌ನದು ಎಂದೇ ತಿಳಿಯಿರಿ.

ಇದ್ರೀಸಿಯ ಸ್ವಂತ ಏರ್ಪಾಡು ಬೇರೆ. ಜನವಸತಿಯಿರುವ ಲೋಕವನ್ನು ದಕ್ಷಿಣದಿಂದ ಉತ್ತರಕ್ಕೆ ಏಳು ಪಟ್ಟಿ ಮಾಡಿ, ಒಂದೊಂದನ್ನೂ ಪಶ್ಚಿಮದಿಂದ ಪೂರ್ವಕ್ಕೆ ಹತ್ತು ತುಂಡು ಮಾಡಿದ. ಒಟ್ಟು 70 ಭೂಪಟ. ಅವನ ಕೈಬರಹದ ಪ್ರತಿ ಉಳಿದಿಲ್ಲ, ಇರುವುದೆಲ್ಲ ನಂತರದ ನಕಲು. ಗ್ಯಾಲಿಕಾದಲ್ಲಿ "ಅರಬ್ 2221", ಆಕ್ಸ್‌ಫರ್ಡಿನ ಡಿಜಿಟಲ್ ಬೋಡ್ಲಿಯನ್‌ನಲ್ಲಿ 1553ರಲ್ಲಿ ನಕಲು ಮಾಡಿದ "ಪೊಕೊಕ್ 375". ಭಾರತಕ್ಕೆ ಮೊದಲೆರಡು ಪಟ್ಟಿಗಳ ಎಂಟನೆಯ ತುಂಡಿನ ಅಕ್ಕಪಕ್ಕ ನೋಡಿ. ಕರಾವಳಿ ಹೆಚ್ಚುಕಡಿಮೆ ನೇರ, ಲಂಕೆ ಮಾತ್ರ ಬೃಹದಾಕಾರ.

ಡಿಜಿಟಲ್ ಬೋಡ್ಲಿಯನ್‌ಗೆ ಹೋದವರು "ಕುತೂಹಲಗಳ ಪುಸ್ತಕ" ಎಂದು ಕರೆಯುವ ಅರಬ್ಬಿ ಹಸ್ತಪ್ರತಿಯನ್ನೂ ತೆರೆಯದೆ ಬರಬಾರದು. 11ನೇ ಶತಮಾನದ ಮೊದಲರ್ಧದಲ್ಲಿ ಈಜಿಪ್ಟಿನಲ್ಲಿ ರಚಿತವಾದ ಕೃತಿ, ಪ್ರತಿ 1200ರ ಸುಮಾರಿನದು, ಗ್ರಂಥಾಲಯದ ಕೈಸೇರಿದ್ದು 2002ರಲ್ಲಿ. ಅದರಲ್ಲಿ ಮೆಡಿಟರೇನಿಯನ್ ಸಮುದ್ರ ಒಂದು ಹಸಿರು ಮೊಟ್ಟೆ. ಸುತ್ತ ಬಂದರುಗಳು, ಒಳಗೆ ದ್ವೀಪಗಳು ಒಂದೇ ಅಳತೆಯ ಬಿಲ್ಲೆಗಳು. ಕರಾವಳಿಯ ಆಕಾರ ಬಿಟ್ಟು ಬಂದರುಗಳ ಸರಣಿಯನ್ನಷ್ಟೇ ಹೇಳುವ ಚಿತ್ರ. ಮೆಟ್ರೊ ರೈಲಿನ ನಕಾಶೆ ಓದಬಲ್ಲವರಿಗೆ ಇದು ಕಷ್ಟವಾಗಬಾರದು.

ಕೊರಿಯಾದಲ್ಲಿ 1402ರಲ್ಲಿ ರಚಿಸಿದ ಕಾಂಗ್ನಿಡೊ ಭೂಪಟದ ಹಳೆಯ ಪ್ರತಿ ಜಪಾನಿನ ರ್ಯುಕೊಕು ವಿಶ್ವವಿದ್ಯಾಲಯದಲ್ಲಿದೆ. ಆಫ್ರಿಕಾ ಅದರಲ್ಲಿ ಗುರುತು ಹಿಡಿಯುವಷ್ಟು ಸ್ಪಷ್ಟ, ಒಳಗೊಂದು ದೊಡ್ಡ ಕೆರೆ. ಭಾರತ ಮಾತ್ರ ಚೀನಾದ ಹೊಟ್ಟೆಯೊಳಗೆ ಕರಗಿಹೋಗಿದೆ. ಒಮ್ಮೆ ನೋಡಿ ಬನ್ನಿ.

ತಿರುಗಿಸುವ ಗುಂಡಿಯೇ ಇಲ್ಲದಿದ್ದರೆ

ಗ್ಯಾಲಿಕಾ, ಬೋಡ್ಲಿಯನ್, ವ್ಯಾಟಿಕನ್ ಗ್ರಂಥಾಲಯ ಎಲ್ಲವೂ "ಟ್ರಿಪಲ್ ಐ ಎಫ್" ಎಂಬ ಒಂದೇ ಕಟ್ಟಳೆಯಂತೆ ಚಿತ್ರ ಹಂಚುತ್ತವೆ. ಅದರ ಚಿತ್ರದ ವಿಳಾಸದ ಬಾಲದಲ್ಲಿ ಓರೆಗೆರೆಗಳ ನಡುವೆ ನಾಲ್ಕು ಖಾನೆ ಇರುತ್ತವೆ: ಚಿತ್ರದ ಯಾವ ಭಾಗ, ಎಷ್ಟು ದೊಡ್ಡದು, ಎಷ್ಟು ಡಿಗ್ರಿ ತಿರುಗಿಸಬೇಕು, ಯಾವ ಗುಣಮಟ್ಟ. ಮೂರನೆಯ ಖಾನೆಯಲ್ಲಿ ಸೊನ್ನೆ ಇರುತ್ತದೆ. ಅದನ್ನು ಅಳಿಸಿ 180 ಎಂದು ಬರೆದು ಎಂಟರ್ ಒತ್ತಿ. ಆ ಸರ್ವರ್ ತಿರುಗಿಸಲು ಒಪ್ಪುವಂಥದ್ದಾದರೆ ಚಿತ್ರ ತಿರುಗಿ ಬರುತ್ತದೆ. ಪೂರ್ವ ಮೇಲಿರುವುದನ್ನು ಉತ್ತರಕ್ಕೆ ತರಲು ಪ್ರದಕ್ಷಿಣೆಯಾಗಿ 90. ಎರಡನೆಯ ಖಾನೆಯಲ್ಲಿ 2000 ಬರೆದು ಮುಂದೆ ಅಲ್ಪವಿರಾಮ ಹಾಕಿದರೆ 2,000 ಪಿಕ್ಸೆಲ್ ಅಗಲದ ಚಿತ್ರ ಸಿಗುತ್ತದೆ. ಅಲ್ಪವಿರಾಮ ಮರೆತರೆ ದೋಷ ಸಂದೇಶ ಬರುತ್ತದೆ; ಜನ ಎಡವುವುದು ಹೆಚ್ಚಾಗಿ ಇಲ್ಲೇ.

ತಿರುಗಿಸಿದ ಮೇಲೆ ಆಕಾರ ತಿಳಿಯುತ್ತದೆ, ಅಕ್ಷರ ಮಗುಚುತ್ತದೆ. ಆದ್ದರಿಂದ ಒಂದೇ ಚಿತ್ರವನ್ನು ಎರಡು ಕಿಟಕಿಯಲ್ಲಿ ತೆರೆದು, ಒಂದನ್ನು ತಿರುಗಿಸಿ, ಇನ್ನೊಂದನ್ನು ಹಾಗೇ ಇಟ್ಟುಕೊಳ್ಳುವುದು ಪಾಡು. ಫೋನಿನಲ್ಲಿ ಈ ಕೆಲಸ ಆಗದು. ಎರಡು ಬೆರಳಿನಲ್ಲಿ ಹಿಗ್ಗಿಸಿದರೆ ಎಷ್ಟೋ ಸಲ ಭೂಪಟದ ಬದಲು ಪುಟವೇ ಹಿಗ್ಗುತ್ತದೆ. ನೆಟ್ ನಿಧಾನವಿದ್ದರೆ ಚಿತ್ರ ಮಸುಕಾಗಿ ಬರುವುದು ಸಹಜ. ಚಿತ್ರ ಚಿಕ್ಕ ಚಿಕ್ಕ ಚೌಕಗಳಾಗಿ ಬರುತ್ತದೆ, ಪ್ರತಿ ಹಂತದ ಹಿಗ್ಗಿಸುವಿಕೆಗೂ ಹೊಸ ಚೌಕಗಳು ಬೇಕು. ತಾಳ್ಮೆಗೆಟ್ಟು ಗುಂಡಿ ಒತ್ತುತ್ತಾ ಹೋದರೆ ಹಳೆಯ ಬೇಡಿಕೆಗಳೇ ಸಾಲಾಗಿ ನಿಂತು ಇನ್ನಷ್ಟು ತಡ.

ತೆರೆ ಮಾಡುವ ಇನ್ನೊಂದು ವಂಚನೆ ಗಾತ್ರದ್ದು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ, 1265ರ ಸುಮಾರಿನ ಪ್ರಾರ್ಥನಾ ಪುಸ್ತಕದ ಭೂಪಟ ಅಂಗೈಯಲ್ಲಿ ಹಿಡಿಸುವಷ್ಟು; ಫ್ರಾ ಮೌರೊನದು ಆಳೆತ್ತರ ಮೀರಿದ್ದು. ಲ್ಯಾಪ್‌ಟಾಪಿನಲ್ಲಿ ಎರಡೂ ಒಂದೇ. ಅಳತೆ ಓದಿಕೊಂಡು ನೋಡಿ. ಅಂದಹಾಗೆ, ಬ್ರಿಟಿಷ್ ಲೈಬ್ರರಿಯ ಹಸ್ತಪ್ರತಿಗಳಿಗೆ ಕೊಟ್ಟ ಹಳೆಯ ಕೊಂಡಿಗಳು ತೆರೆಯದಿದ್ದರೆ ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ. 2023ರ ಅಕ್ಟೋಬರಿನ ಸೈಬರ್ ದಾಳಿಯಲ್ಲಿ ಅವರ ಡಿಜಿಟಲ್ ವ್ಯವಸ್ಥೆ ಕುಸಿದು, ಹಂತಹಂತವಾಗಿ ಮೇಲೆ ಬರಬೇಕಾಯಿತು. ಸದ್ಯಕ್ಕೆ ವಿಕಿಮೀಡಿಯ ಕಾಮನ್ಸ್‌ನಲ್ಲಿರುವ ಪ್ರತಿಗಳು ಆಸರೆ.

ಭೂಪಟದ ಪಕ್ಕದಲ್ಲಿ ಇಟ್ಟು ನೋಡಬೇಕಾದ ಚಿತ್ರಗಳು

ಭೂಪಟದಲ್ಲಿ ಸಮುದ್ರ ದಾಟಿದ್ದು ಯಾವ ಹಡಗಿನಲ್ಲಿ? ಗ್ಯಾಲಿಕಾದಲ್ಲೇ "ಅರಬ್ 5847" ತೆರೆಯಿರಿ. ಅರಬ್ಬಿ ಲೇಖಕ ಹರೀರಿಯ ಕಥೆಗಳಿಗೆ 1237ರಲ್ಲಿ ಅಲ್ ವಾಸಿತಿ ಬರೆದ ಚಿತ್ರಗಳ ಪ್ರತಿ ಅದು. 119ನೇ ಹಾಳೆಯ ಹಿಂಬದಿಯಲ್ಲಿ ಪ್ರಯಾಣಿಕರು ತುಂಬಿದ ಹಡಗಿದೆ. ಹಲಗೆಗಳ ಸೇರಿಕೆಯನ್ನು ಹಿಗ್ಗಿಸಿದರೆ ಹೊಲಿಗೆ ಕಾಣುತ್ತದೆ. ಮೊಳೆ ಹೊಡೆಯದೆ ಹುರಿಯಿಂದ ಹೊಲಿದು ಕಟ್ಟಿದ ಹಡಗು, ನಮ್ಮ ಪಡುವಣ ಕಡಲಿಗೂ ಬರುತ್ತಿದ್ದ ಬಗೆ. ಅಂಥ ದಾರಿಯಲ್ಲೇ ಬಂದು 1132ರಿಂದ 1149ರವರೆಗೆ ಮಂಗಳೂರಿನಲ್ಲಿ ವ್ಯಾಪಾರ ಮಾಡಿದ ಯಹೂದಿ ವರ್ತಕ ಅಬ್ರಹಾಂ ಬಿನ್ ಯಿಜುವಿನ ಕಾಗದಪತ್ರಗಳು ಕೈರೋದ ಗೆನಿಜಾ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದ ಹಳೆಯ ಕಾಗದಗಳ ರಾಶಿಯಲ್ಲಿ ಉಳಿದಿವೆ. ಪ್ರಿನ್ಸ್‌ಟನ್ ಗೆನಿಜಾ ಪ್ರಾಜೆಕ್ಟ್ ಮತ್ತು ಕೇಂಬ್ರಿಜ್ ಡಿಜಿಟಲ್ ಲೈಬ್ರರಿಯಲ್ಲಿ ಅವುಗಳ ಚಿತ್ರಗಳಿವೆ. ಕಾಗದ ಉಳಿಸಲು ಅಂಚಿನಲ್ಲೂ ಅಡ್ಡಡ್ಡ ಬರೆಯುತ್ತಿದ್ದರಾದ್ದರಿಂದ ಇಲ್ಲೂ ತಿರುಗಿಸುವ ಗುಂಡಿಯೇ ಗತಿ.

ವರ್ಷದ ಪಟ್ಟಿ ಎಳೆದರೆ ಗಡಿ ಬದಲಾಗುವ ತಾಣಗಳು

ಜಿಯಾಕ್ರಾನ್, ರನ್ನಿಂಗ್ ರಿಯಾಲಿಟಿ, ಓಪನ್ ಹಿಸ್ಟಾರಿಕಲ್ ಮ್ಯಾಪ್ ಮುಂತಾದವು ಬೇರೆ ಜಾತಿ. ಇವು ಆ ಕಾಲದ ಭೂಪಟಗಳಲ್ಲ, ಆ ಕಾಲದ ಬಗ್ಗೆ ಈಗಿನವರು ಎಳೆದ ಗೆರೆಗಳು. ಪಾಠಕ್ಕೆ ಅನುಕೂಲ, ನಂಬುವ ಮೊದಲು ಪರೀಕ್ಷೆ ಬೇಕು. ನಮಗೆ ಗೊತ್ತಿರುವ ನೆಲದಲ್ಲೇ ಪರೀಕ್ಷಿಸುವುದು ಸುಲಭ. ಪಟ್ಟಿಯನ್ನು 1170ಕ್ಕೆ ಎಳೆಯಿರಿ: ಕಲ್ಯಾಣ 1162ರಿಂದ ಎರಡು ದಶಕ ಕಲಚುರಿಗಳ ಕೈಯಲ್ಲಿತ್ತು. ಅಲ್ಲಿ ಇನ್ನೂ ಚಾಲುಕ್ಯರ ಬಣ್ಣವೇ ಇದ್ದರೆ ಆ ತಾಣ ದಖ್ಖನ್ನನ್ನು ಮೇಲ್ಮೇಲೆ ನೋಡಿದೆ. ಆಮೇಲೆ 1340: ವಿಜಯನಗರ ಆಗಷ್ಟೇ ಚಿಗುರುತ್ತಿದೆ, ಹೊಯ್ಸಳ ಮೂರನೆಯ ಬಲ್ಲಾಳ ಇನ್ನೂ ಬದುಕಿದ್ದಾನೆ, ಮದುರೆಯಲ್ಲಿ ಸುಲ್ತಾನರಿದ್ದಾರೆ, ದಿಲ್ಲಿ ಎಲ್ಲವೂ ತನ್ನದೆನ್ನುತ್ತಿದೆ. ಇಷ್ಟಕ್ಕೂ ಒಂದೇ ಬಣ್ಣ ಬಳಿದಿದ್ದರೆ ಮುಚ್ಚಿಬಿಡಿ.

ತಪ್ಪಿಗೆ ಕಾರಣ ಸೋಮಾರಿತನ ಒಂದೇ ಅಲ್ಲ. ನಮ್ಮಲ್ಲಿ ಗಡಿ ತಿಳಿಯುವುದು ಶಾಸನ ಸಿಕ್ಕ ಜಾಗದಿಂದ, ಅದರಲ್ಲಿ ಯಾವ ದೊರೆಯ ಹೆಸರಿದೆ ಎನ್ನುವುದರಿಂದ. ಮಾಂಡಲಿಕ ಇಂದು ಒಬ್ಬನನ್ನು, ಹತ್ತು ವರ್ಷ ಕಳೆದು ಇನ್ನೊಬ್ಬನನ್ನು ಒಡೆಯನೆನ್ನುತ್ತಾನೆ. ಚುಕ್ಕೆಗಳಿರುವ ಕಡೆ ಗೆರೆ ಎಳೆದರೆ ಹೀಗಾಗುತ್ತದೆ. ದಕ್ಷಿಣ ಏಷ್ಯಾದ ಮಟ್ಟಿಗೆ ಶಿಕಾಗೊ ವಿಶ್ವವಿದ್ಯಾಲಯದ ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿಯಲ್ಲಿರುವ ಷ್ವಾರ್ಟ್ಸ್‌ಬರ್ಗ್ ಅಟ್ಲಾಸ್ ಇವತ್ತಿಗೂ ಹೆಚ್ಚು ಭರವಸೆಯದು. ಮೊದಲ ಮುದ್ರಣ 1978ರದಾದರೂ ಒಂದರ ಮೇಲೊಂದು ಬೀಳುವ ಅಧಿಕಾರವನ್ನು ತೋರಿಸುವ ಜಾಣ್ಮೆ ಅದಕ್ಕಿದೆ. ಸ್ಕ್ಯಾನ್ ಮಾಡಿದ ಪುಟಗಳಾದ್ದರಿಂದ ಹುಡುಕಾಟ ಒರಟು, ವಿವರಣೆ ಬೇರೆ ಪುಟದಲ್ಲಿ. ಓಪನ್ ಹಿಸ್ಟಾರಿಕಲ್ ಮ್ಯಾಪ್‌ನಲ್ಲಿ ಯಾರು ಬೇಕಾದರೂ ತಿದ್ದಬಹುದು, ಕರ್ನಾಟಕದ ಭಾಗ ಬಡವಾಗಿ ಕಂಡರೆ ಬೈಯುವ ಬದಲು ಒಂದೆರಡು ಊರು ಸೇರಿಸಬಹುದು.

ಮುದ್ರಿಸುವವರಿಗೆ ಲೆಕ್ಕ: ಎ3 ಹಾಳೆಗೆ ಇಂಚಿಗೆ 300 ಚುಕ್ಕೆಯಂತೆ 3,508 ಗುಣಿಸು 4,961 ಪಿಕ್ಸೆಲ್ ಬೇಕು, ಎ2ಗೆ 4,961 ಗುಣಿಸು 7,016. ಸ್ಕ್ರೀನ್‌ಶಾಟ್‌ನಲ್ಲಿ ಇದು ಸಿಗುವುದಿಲ್ಲ. ಕಡತವನ್ನು ವಾಟ್ಸಾಪಿನಲ್ಲಿ ಫೋಟೊ ಆಗಿ ಅಂಗಡಿಗೆ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಚರ್ಮದ ಕಂದು ಬಣ್ಣ ಕಾಗದದ ಮೇಲೆ ಇನ್ನೂ ಕಪ್ಪಾಗುತ್ತದೆ, ಬೆಳಕನ್ನು ಸ್ವಲ್ಪ ಏರಿಸಿ ಮೊದಲು ಒಂದು ಎ4 ತುಂಡು ತೆಗೆಸಿ ನೋಡಿ. ಕಟಲನ್ ಅಟ್ಲಾಸಿನ ಭೂಪಟದ ನಾಲ್ಕು ಹಾಳೆಗಳನ್ನು ಎ2 ಅಳತೆಗೆ ತೆಗೆಸಿದರೆ ಮೂಲಕ್ಕೆ ಹತ್ತಿರ ಬರುತ್ತದೆ. ಲ್ಯಾಮಿನೇಟ್ ಮಾಡಿಸಿದರೂ ಗೋಡೆಗೆ ಹೊಡೆಯಬೇಡಿ. ಉದ್ದನೆಯ ಮೇಜಿನ ಮೇಲೆ ಸಾಲಾಗಿಟ್ಟು ಮಕ್ಕಳನ್ನು ಎರಡೂ ಬದಿ ಕೂರಿಸಿ. ಆಚೆ ಬದಿಯವರಿಗೆ ಒಂಟೆಗಳು ನೆಟ್ಟಗೆ ಕಾಣುತ್ತವೆ, ಈಚೆಯವರಿಗೆ ದಿಲ್ಲಿಯ ಸುಲ್ತಾನ.